ಕೀಲಿನ ಒಳಪೊರೆಯೂ ಆಮವಾತವೂ

ಆಮವಾತ, ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್, ದೇಹದ ರೋಗನಿರೋಧಕ ವ್ಯವಸ್ಥೆ ತನ್ನವರ ಮೇಲೆಯೇ ತಿರುಗಿಬೀಳುವ ಕಾಯಿಲೆ ಎಂಬ ವಿವರಣೆಯನ್ನು ಬಹಳಷ್ಟು ಜನ ಕೇಳಿರುತ್ತಾರೆ. ಅದು ಸರಿಯೇ. ಆದರೆ ಮಾತು ಅಲ್ಲಿಗೇ ನಿಂತರೆ, ಕೀಲು ಸುಮ್ಮನೆ ಪೆಟ್ಟು ತಿನ್ನುವ ಜಾಗವೆಂಬ ಭಾವನೆ ಉಳಿಯುತ್ತದೆ. ನನಗೆ ಈ ವಿಷಯದಲ್ಲಿ ಹೆಚ್ಚು ಕುತೂಹಲ ಹುಟ್ಟಿಸಿದ್ದು ಕೀಲಿನ ಒಳಪೊರೆಯ ಸ್ವಂತ ನಿವಾಸಿಗಳಾದ ಸೈನೋವಿಯಲ್ ಕೋಶಗಳು.

ಆರೋಗ್ಯವಂತರ ಕೀಲಿನಲ್ಲಿ ಸೈನೋವಿಯಲ್ ಪೊರೆಯ ಒಳಪದರ ಒಂದರಿಂದ ಮೂರು ಕೋಶಗಳಷ್ಟೇ ದಪ್ಪವಿರುತ್ತದೆ. ಅದರಲ್ಲಿ ಕಸಕಡ್ಡಿಯನ್ನು ನುಂಗಿ ತೆಗೆಯುವ ಮ್ಯಾಕ್ರೊಫೇಜ್ ಬಗೆಯ ಕೋಶಗಳೂ, ಹಯಾಲುರೊನಿಕ್ ಆಮ್ಲ ಮತ್ತು ಲೂಬ್ರಿಸಿನ್ ತಯಾರಿಸಿ ಕೀಲುದ್ರವವನ್ನು ಜಾರುವಂತಿಡುವ ಫೈಬ್ರೊಬ್ಲಾಸ್ಟ್ ಬಗೆಯ ಕೋಶಗಳೂ ಇರುತ್ತವೆ. ಮೂಳೆಗಳ ತುದಿಗೆ ಹೊದಿಕೆಯಾಗಿರುವ ಮೃದ್ವಸ್ಥಿಗೆ (ಕಾರ್ಟಿಲೇಜ್) ತನ್ನದೇ ರಕ್ತನಾಳಗಳಿಲ್ಲದ ಕಾರಣ ಅದರ ಪೋಷಣೆಯೂ ಬಹುಮಟ್ಟಿಗೆ ಈ ದ್ರವದ ಮೂಲಕವೇ ನಡೆಯಬೇಕು.

ಆಮವಾತದಲ್ಲಿ ಇದೇ ಪದರ ಹತ್ತು ಹದಿನೈದು ಕೋಶಗಳಷ್ಟು ದಪ್ಪವಾಗಿ, ಹೊಸ ರಕ್ತನಾಳಗಳನ್ನು ಬೆಳೆಸಿಕೊಂಡು, ಪ್ಯಾನಸ್ ಎಂಬ ಹಬ್ಬುವ ಅಂಗಾಂಶವಾಗಿ ಮೃದ್ವಸ್ಥಿಯ ಮೇಲೆ ಏರುತ್ತದೆ. ವೈದ್ಯರು ಬೆರಳಿನ ಗೆಣ್ಣನ್ನು ಎರಡೂ ಕಡೆಯಿಂದ ಒತ್ತಿ ನೋಡುವುದು ಇದನ್ನೇ: ಕೀಲುಸವೆತದ ಗಂಟು ಮೂಳೆಯಂತೆ ಗಟ್ಟಿಯಾಗಿದ್ದರೆ, ಇಲ್ಲಿನ ಊತ ನಾದಿದ ಹಿಟ್ಟಿನಂತೆ ಮೆತ್ತಗೆ ಒಳಸರಿಯುತ್ತದೆ. ಮ್ಯಾಕ್ರೊಫೇಜ್‌ಗಳು ಸುರಿಸುವ, ಉರಿಯೂತದ ಸಂದೇಶ ಹೊರುವ ಪ್ರೋಟೀನಾದ ಟಿಎನ್‌ಎಫ್ ಫೈಬ್ರೊಬ್ಲಾಸ್ಟ್‌ಗಳನ್ನು ಕೆರಳಿಸುತ್ತದೆ. ಅವು ಐಎಲ್-6 ಎಂಬ ಅಂಥದೇ ಪ್ರೋಟೀನನ್ನು ಬಿಡುಗಡೆ ಮಾಡಿ ಉರಿಯೂತಕ್ಕೆ ತುಪ್ಪ ಸುರಿಯುವುದಲ್ಲದೆ, ಮೃದ್ವಸ್ಥಿಯನ್ನು ಕರಗಿಸುವ ಕಿಣ್ವಗಳನ್ನೂ, ಮೂಳೆ ಕೊರೆಯುವ ಆಸ್ಟಿಯೋಕ್ಲಾಸ್ಟ್‌ಗಳನ್ನು ಬೆಳೆಸುವ ರ‍್ಯಾಂಕ್‌ಎಲ್ ಎಂಬ ಸಂಕೇತವನ್ನೂ ಹೊರಹಾಕುತ್ತವೆ.

ಈ ಕೋಶಗಳು ಬರೀ ಆಜ್ಞಾಪಾಲಕರಲ್ಲ ಎಂಬುದಕ್ಕೆ 1996ರಲ್ಲಿ ಪ್ರಕಟವಾದ ಒಂದು ಪ್ರಯೋಗ ಸಾಕ್ಷಿ. ರೋಗನಿರೋಧಕ ಶಕ್ತಿಯೇ ಇಲ್ಲದ ಇಲಿಗಳಲ್ಲಿ ಮಾನವ ಮೃದ್ವಸ್ಥಿಯ ಜೊತೆಗೆ ಆಮವಾತ ರೋಗಿಗಳ ಸೈನೋವಿಯಲ್ ಫೈಬ್ರೊಬ್ಲಾಸ್ಟ್‌ಗಳನ್ನು ಇಟ್ಟಾಗ, ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳ ಒತ್ತಾಸೆಯಿಲ್ಲದೆಯೇ ಅವು ಮೃದ್ವಸ್ಥಿಯೊಳಗೆ ನುಗ್ಗಿದವು. ಕೆರಳಿಸಿದವರು ಪಕ್ಕದಲ್ಲಿಲ್ಲದಿದ್ದರೂ ಕಲಿತ ಚಾಳಿ ಹೋಗಲಿಲ್ಲ. ಮುಂದೆ 2019ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನವೊಂದು, ಪೊರೆಯ ಆಳದಲ್ಲಿರುವ ಫೈಬ್ರೊಬ್ಲಾಸ್ಟ್‌ಗಳು ಮುಖ್ಯವಾಗಿ ಉರಿಯೂತವನ್ನೂ, ಒಳಪದರದಲ್ಲಿರುವವು ಮುಖ್ಯವಾಗಿ ಮೂಳೆ ಮತ್ತು ಮೃದ್ವಸ್ಥಿಯ ನಾಶವನ್ನೂ ನಡೆಸುತ್ತವೆ ಎಂದು ತೋರಿಸಿತು. ಊತ ಇಳಿದ ಕೀಲೂ ಕೆಲವೊಮ್ಮೆ ಸವೆಯುತ್ತಾ ಹೋಗುವುದೇಕೆ ಎಂಬ ಹಳೆಯ ಪ್ರಶ್ನೆಗೆ ಇಲ್ಲೊಂದು ಸುಳಿವಿದೆ ಎಂದು ನನಗನ್ನಿಸುತ್ತದೆ.

ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಆಗಲಿ, ಟಿಎನ್‌ಎಫ್ ಅಥವಾ ಐಎಲ್-6 ತಡೆಯುವ ಚುಚ್ಚುಮದ್ದುಗಳಾಗಲಿ, ಪ್ರಧಾನವಾಗಿ ರೋಗನಿರೋಧಕ ಕೋಶಗಳನ್ನೂ ಅವುಗಳ ಸಂದೇಶಗಳನ್ನೂ ಹದ್ದುಬಸ್ತಿನಲ್ಲಿಡುತ್ತವೆ. ಅವು ಅಸಂಖ್ಯ ಜನರ ಕೈಗಳನ್ನು ಉಳಿಸಿವೆ, ಆ ಬಗ್ಗೆ ತಕರಾರಿಲ್ಲ. ಆದರೂ ಎಲ್ಲ ರೋಗಿಗಳಿಗೂ ಅವು ಪೂರ್ತಿ ಒಗ್ಗುವುದಿಲ್ಲ. ಹಾಗಾಗಿಯೇ ಸೋಂಕನ್ನು ಎದುರಿಸುವ ಶಕ್ತಿಯನ್ನು ಇನ್ನಷ್ಟು ಕುಗ್ಗಿಸದೆ ಫೈಬ್ರೊಬ್ಲಾಸ್ಟ್‌ಗಳನ್ನೇ ನೇರವಾಗಿ ತಣಿಸುವ ಔಷಧಕ್ಕಾಗಿ ಸಂಶೋಧಕರು ಹುಡುಕಾಟ ನಡೆಸಿದ್ದಾರೆ.