ಯೂದನ ಪಾದಗಳನ್ನೂ ತೊಳೆದರು

ಪ್ರಭು ಯೇಸುವಿನ ತ್ಯಾಗವನ್ನು ಧ್ಯಾನಿಸುವಾಗ ನಮ್ಮ ಮನಸ್ಸು ನೇರವಾಗಿ ಮೊಳೆಗಳಿಗೆ, ಮುಳ್ಳಿನ ಕಿರೀಟಕ್ಕೆ, ಕಪಾಲ ಬೆಟ್ಟಕ್ಕೆ ಹೋಗಿಬಿಡುತ್ತದೆ. ಅದು ಸಹಜವೇ. ಆದರೆ ಶಿಲುಬೆಗೇರುವ ಹಿಂದಿನ ರಾತ್ರಿ ಊಟದ ವೇಳೆ ಯೇಸು ತಮ್ಮ ಶಿಷ್ಯರ ಪಾದ ತೊಳೆದದ್ದನ್ನು ನೆನೆಯುವ ಪವಿತ್ರ ಗುರುವಾರದಂದು, ಈ ವರ್ಷ ದಾವಣಗೆರೆಯ ನಮ್ಮ ದೇವಾಲಯದಲ್ಲಿ ಪಾದ ತೊಳೆಸಿಕೊಳ್ಳುವವರ ಸಾಲಿನಲ್ಲಿ ಕೂರುವ ಭಾಗ್ಯ ಒದಗಿದಂದಿನಿಂದ, ಆ ಬಲಿ ಶಿಲುಬೆಗಿಂತ ಮೊದಲೇ, ಊಟದ ಪಂಕ್ತಿಯಲ್ಲೇ ಆರಂಭವಾಗಿತ್ತೆಂದು ನನಗೆ ಬಲವಾಗಿ ಅನ್ನಿಸುತ್ತಿದೆ.

ಬೇಸಿಗೆಯ ಧಗೆಯಲ್ಲಿ ನಡೆದು ಬಂದು ಕಾದಿದ್ದ ಪಾದದ ಮೇಲೆ ಗುರುಗಳು ತಂಬಿಗೆಯಿಂದ ನೀರು ಸುರಿದಾಗ ಆ ತಂಪು ಹಿಮ್ಮಡಿಯಿಂದ ನೆತ್ತಿಯವರೆಗೂ ಏರಿತು. ಅದರೊಡನೆಯೇ ಎಂಥದೋ ನಾಚಿಕೆ. ಹಿರಿಯರೊಬ್ಬರು ಮಂಡಿಯೂರಿ ನನ್ನ ಕಾಲನ್ನು ಮುಟ್ಟುತ್ತಿದ್ದಾರಲ್ಲ ಎಂದು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಬೇಕೆನಿಸಿತು. ‘ನನ್ನ ಪಾದಗಳನ್ನು ನೀವು ತೊಳೆಯಲೇಕೂಡದು’ ಎಂದು ಶಿಷ್ಯ ಪೇತ್ರರು ಯೇಸುವಿನೊಡನೆ ಹಟ ಹಿಡಿದದ್ದು ಏಕೆಂದು ಆಗ ಅರ್ಥವಾಯಿತು. ಪ್ರೀತಿ ತೋರುವುದಕ್ಕಿಂತ ಅದಕ್ಕೆ ಕಾಲೊಡ್ಡಿ ಕೂರುವುದೇ ಕಷ್ಟ.

ನಮ್ಮಜ್ಜಿ ಈ ಸಾಲಿನಲ್ಲಿ ಎಂದೂ ಕೂತವರಲ್ಲ. ಅವರ ಕಾಲದಲ್ಲಿ ಗಂಡಸರಿಗೆ ಮಾತ್ರ ಆ ಅವಕಾಶವಿತ್ತು. ಜಗದ್ಗುರು (ಪೋಪ್) ಫ್ರಾನ್ಸಿಸರು ಸ್ತ್ರೀಯರನ್ನೂ ಸೇರಿಸಿಕೊಳ್ಳಬಹುದೆಂದು 2016ರಲ್ಲಿ ವಿಧಿಯನ್ನು ತಿದ್ದುವ ಹೊತ್ತಿಗೆ ಅಜ್ಜಿ ಪ್ರಭುವಿನ ಪಾದ ಸೇರಿಯಾಗಿತ್ತು. ಈ ಊರಿನ ಹತ್ತಿ ಗಿರಣಿಯಲ್ಲಿ ನಿಂತೇ ದುಡಿದ ಅವರ ಹಿಮ್ಮಡಿಗಳು ಬೇಸಿಗೆಯಲ್ಲಿ ಬಿರಿದ ಎರೆಹೊಲದಂತಿದ್ದವು. ರಾತ್ರಿ ಆ ಬಿರುಕುಗಳಿಗೆ ಎಣ್ಣೆ ಸವರಿಕೊಳ್ಳುತ್ತಾ ಅವರು ಹೇಳುತ್ತಿದ್ದ ಕಥೆ ಪೇತ್ರರದ್ದಲ್ಲ, ಯೇಸುವನ್ನು ಹಣಕ್ಕೆ ಹಿಡಿದುಕೊಟ್ಟ ಶಿಷ್ಯ ಯೂದನದ್ದು. ‘ಮಾರಿಬರೋಕೆ ಹೊಂಟಿರೋ ಕಾಲು ಅಂತ ಸ್ವಾಮಿಗೆ ಗೊತ್ತಿತ್ತವ್ವ, ಆದ್ರೂ ಬೆರಳ ಸಂದೀಲೂ ತೊಳೆದ’ ಎನ್ನುತ್ತಿದ್ದರು. ಬೆರಳ ಸಂದಿಯ ಮಾತು ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಶುಭಸಂದೇಶದಲ್ಲಿಲ್ಲ, ಅದು ಅಜ್ಜಿಯದೇ ಸೇರ್ಪಡೆ. ಉಳಿದದ್ದೆಲ್ಲ ಸಂತ ಯೊವಾನ್ನರು ಬರೆದ ಶುಭಸಂದೇಶದ 13ನೇ ಅಧ್ಯಾಯದಲ್ಲಿದೆ: ಪಾದ ತೊಳೆದು, ಮತ್ತೆ ಊಟಕ್ಕೆ ಕುಳಿತು, ರೊಟ್ಟಿಯ ತುತ್ತನ್ನೂ ಕೊಟ್ಟ ಮೇಲೆಯೇ ಯೂದ ಎದ್ದು ಹೊರಗೆ ಹೋಗುತ್ತಾನೆ. ಉಳಿದ ಮೂವರು ಶುಭಸಂದೇಶಕರ್ತರು ಆ ರಾತ್ರಿಯ ರೊಟ್ಟಿ ಮತ್ತು ದ್ರಾಕ್ಷಾರಸದ ವೃತ್ತಾಂತವನ್ನು ಬರೆದರೆ, ಯೊವಾನ್ನರು ಅದೇ ಜಾಗದಲ್ಲಿ ಆಳುಕಾಳುಗಳು ಮಾಡುತ್ತಿದ್ದ ಈ ಕೆಲಸವನ್ನು ಇಟ್ಟಿದ್ದಾರೆ.

ತ್ಯಾಗದ ಮಾತು ಬಂದಾಗ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರ ಉದಾಹರಣೆ ಪ್ರಬೋಧನೆಗಳಲ್ಲಿ ಬರುತ್ತದೆ. 1941ರಲ್ಲಿ ನಾಜಿಗಳ ಔಷ್ವಿಟ್ಸ್ ಸೆರೆಶಿಬಿರದಲ್ಲಿ ಹಸಿವಿನಿಂದ ಸಾಯಲು ಆರಿಸಲ್ಪಟ್ಟ ಒಬ್ಬ ಕೈದಿ ಹೆಂಡತಿ ಮಕ್ಕಳನ್ನು ನೆನೆದು ಗೋಳಾಡಿದಾಗ, ಅವನ ಬದಲಿಗೆ ತಾನೇ ಬರುತ್ತೇನೆಂದು ಮುಂದೆ ಬಂದ ಗುರು ಅವರು. ಆಗಸ್ಟ್ 14ರಂದು ವಿಷದ ಚುಚ್ಚುಮದ್ದು ಕೊಟ್ಟು ಅವರನ್ನು ಕೊಂದರು. ಬದುಕುಳಿದ ಆ ಕೈದಿ, 1982ರಲ್ಲಿ ಅವರಿಗೆ ಸಂತಪದವಿ ಘೋಷಿಸಿದಾಗ ಅಲ್ಲಿ ಹಾಜರಿದ್ದರು. ಇದನ್ನು ಕೇಳಿದಾಗಲೆಲ್ಲ ಕಣ್ಣು ತುಂಬುತ್ತದೆ. ಆದರೂ ಅಳುತ್ತಿರುವವನಿಗಾಗಿ ಕರಗುವ ಮನಸ್ಸು ಎಷ್ಟೋ ಜನರಲ್ಲಿ ಅಲ್ಪಸ್ವಲ್ಪವಾದರೂ ಇರುತ್ತದೆ. ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತರು ನಮಗಾಗಿ ಪ್ರಾಣ ಕೊಟ್ಟರೆಂದು ರೋಮನರಿಗೆ ಬರೆದ ಪತ್ರದಲ್ಲಿ ಸಂತ ಪೌಲರು ಹೇಳುವುದು ಅದಕ್ಕಿಂತ ಮುಂದಿನ ಮಾತು. ಕೆಡುಕು ಬಗೆದವನು ಪಶ್ಚಾತ್ತಾಪ ಪಡುವ ಮೊದಲೇ ಅವನ ಮುಂದೆ ಬಾಗುವುದು ಮನುಷ್ಯರಿಗೆ ಸುಲಭವಾಗಿ ಒಗ್ಗುವುದಿಲ್ಲ, ನನಗಂತೂ ಒಗ್ಗಿಲ್ಲ.

ಈಗೀಗ ಈ ವಿಧಿಯೂ ಸೊರಗುತ್ತಿದೆಯೇನೋ ಎಂದು ಸಂಕಟವಾಗುತ್ತದೆ. ಪಾದ ತೊಳೆಸಿಕೊಳ್ಳುವವರು ಮನೆಯಲ್ಲೇ ಸೋಪು ಹಚ್ಚಿ ತೊಳೆದುಕೊಂಡು ಬಂದಿರುತ್ತಾರೆ (ನಾನೂ ಹಾಗೆಯೇ ಬಂದಿದ್ದೆ, ಸುಳ್ಳೇಕೆ?). ಮೊಬೈಲುಗಳು ಮೇಲೇಳುತ್ತವೆ. ಬಲಿಪೂಜೆ ಮುಗಿದು ಬಲಿಪೀಠದ ವಸ್ತ್ರಗಳನ್ನು ತೆಗೆದು ಬರಿದು ಮಾಡುವ ಹೊತ್ತಿಗೆ ಅರ್ಧ ದೇವಾಲಯ ಖಾಲಿ; ಸೆರೆಯಾಗುವ ಮೊದಲು ಗೆತ್ಸೆಮನಿ ತೋಪಿನಲ್ಲಿ ಪ್ರಭು ಶಿಷ್ಯರಿಂದ ಕೇಳಿದ ಒಂದು ಗಂಟೆಯ ಜಾಗರಣೆಗೆ ಉಳಿಯುವವರು ಬಹುತೇಕ ವಯಸ್ಸಾದ ಹೆಂಗಸರೇ.

ಅಜ್ಜಿ ಆ ಜಾಗರಣೆಗೆ ಹೋಗುವ ಮೊದಲು ಮಾತು ಬಿಟ್ಟವರ ಮನೆಗೆ ಹೋಗಿ ಕದ ತಟ್ಟಿ ಬರುತ್ತಿದ್ದರು, ತಪ್ಪು ಯಾರದೆಂಬ ಲೆಕ್ಕ ತೆಗೆಯುತ್ತಿರಲಿಲ್ಲ. ಬರುವ ವರ್ಷ ಪಾದ ತೊಳೆಸಿಕೊಳ್ಳುವ ಸಾಲಿಗೆ ಧರ್ಮಕೇಂದ್ರದ ಪ್ರಮುಖರ ಬದಲು, ಒಬ್ಬರ ಮುಖ ಒಬ್ಬರು ನೋಡದೆ ಪೂಜೆಗೆ ಬಂದು ಹೋಗುವವರನ್ನು ಅಕ್ಕಪಕ್ಕ ಕೂರಿಸಬೇಕೆಂದು ಗುರುಗಳಲ್ಲಿ ವಿನಂತಿಸಿಕೊಂಡಿದ್ದೇನೆ. ಹೆಸರುಗಳನ್ನು ಕೊಡಿ ಎಂದಿದ್ದಾರೆ. ಪಟ್ಟಿಯಲ್ಲಿ ನನ್ನ ಹೆಸರನ್ನೂ, ಮನೆಯ ಪಾಲಿನ ವಿಷಯದಲ್ಲಿ ನಾನು ಮಾತು ಬಿಟ್ಟ ಬಂಧುವಿನ ಹೆಸರನ್ನೂ ಬರೆಯಬೇಕಿದೆ.