ಇಬ್ಬರು ಶಿಕ್ಷಕರು ರಜೆ ಹಾಕಿದ ದಿನ

ಬೆಳಗ್ಗೆ ಆರೂವರೆಗೆ ಮುಖ್ಯೋಪಾಧ್ಯಾಯರ ಫೋನ್ ರಿಂಗಾಗುತ್ತದೆ. "ಸರ್, ಜ್ವರ, ಇವತ್ತು ಬರೋಕಾಗಲ್ಲ." ಏಳಕ್ಕೆ ಇನ್ನೊಂದು ಕರೆ: ಮಗುವಿಗೆ ಹುಷಾರಿಲ್ಲ. ಶಾಲೆಯ ವಾತಾವರಣ ಹೇಗಿದೆ ಎಂಬುದು ಈ ಎರಡು ಕರೆಗಳಿಗೆ ಸಿಗುವ ಉತ್ತರದಲ್ಲೇ ಅರ್ಧ ಗೊತ್ತಾಗುತ್ತದೆ. "ಇವತ್ತೇ ಆಗ್ಬೇಕಿತ್ತಾ?" ಎಂದರೆ ಮುಂದಿನ ಸಲ ಆ ಶಿಕ್ಷಕಿ ಜ್ವರದಲ್ಲೇ ಬರುತ್ತಾರೆ, ಇಲ್ಲವೇ ಶಾಲೆ ಶುರುವಾಗುವ ಹೊತ್ತಿಗೆ ಒಂದು ಮೆಸೇಜ್ ಹಾಕಿ ಫೋನ್ ಆಫ್ ಮಾಡುತ್ತಾರೆ. "ಸರಿ ಮೇಡಂ, ರೆಸ್ಟ್ ತಗೊಳ್ಳಿ. ಯಾವ ಕ್ಲಾಸಿಗೆ ಏನು ಕೊಡಬೇಕು ಅಂತ ಎರಡು ಸಾಲು ಕಳಿಸಿ, ಸಾಕು" ಎಂದರೆ ಅವರು ಇನ್ನು ಮುಂದೆಯೂ ಆರೂವರೆಗೇ ಕರೆ ಮಾಡುತ್ತಾರೆ. ರಜೆ ನಿಯಮದೊಳಗಿದ್ದರೆ ಕಾರಣ ಕೆದಕಬೇಕಾಗಿಲ್ಲ. ಒಬ್ಬರೇ ಪದೇ ಪದೇ ವಾರದ ಅದೇ ದಿನ ರಜೆ ಹಾಕುತ್ತಿದ್ದರೆ ಅದನ್ನು ಕೇಳಲೇಬೇಕು, ಆದರೆ ಅವರು ವಾಪಸ್ ಬಂದ ಮೇಲೆ, ಎದುರು ಕೂರಿಸಿಕೊಂಡು.

ಮುಂದಿನದು ಬದಲಿ ಪೀರಿಯಡ್ ಹಂಚಿಕೆ. ಸ್ಟಾಫ್ ರೂಮಿನ ಮುನಿಸುಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲೇ. ರಜೆ ಹಾಕಿದವರಲ್ಲಿ ಒಬ್ಬರಿಗೆ ಆರು, ಇನ್ನೊಬ್ಬರಿಗೆ ಐದು ಪೀರಿಯಡ್ ಎಂದುಕೊಂಡರೆ ಹನ್ನೊಂದು ತುಂಬಬೇಕು. ಅವಸರದಲ್ಲಿ ಅದು ಯಾರ ಪಾಲಿಗೆ ಹೋಗುತ್ತದೆ? ಇಲ್ಲ ಎನ್ನದವರಿಗೆ, ಹೊಸದಾಗಿ ಸೇರಿದವರಿಗೆ, ಚಿತ್ರಕಲೆ–ದೈಹಿಕ ಶಿಕ್ಷಣದವರಿಗೆ. ವಾದ ಮಾಡುವ ಹಿರಿಯರನ್ನು ಮುಟ್ಟುವುದೇ ಇಲ್ಲ. ಆರು ತಿಂಗಳು ಹೀಗೇ ನಡೆದರೆ ಒಳ್ಳೆಯತನಕ್ಕೆ ಇಲ್ಲಿ ಸಿಗುವುದು ಶಿಕ್ಷೆ ಎಂದು ಎಲ್ಲರಿಗೂ ಮನದಟ್ಟಾಗುತ್ತದೆ.

ಖಾಲಿ ಪೀರಿಯಡ್ ಎಂದರೆ ವಿರಾಮವಲ್ಲ. ನಲವತ್ತು ಮಕ್ಕಳ ನೋಟ್‌ಬುಕ್ ತಿದ್ದಲು ತಲಾ ಮೂರು ನಿಮಿಷವೆಂದರೂ ಎರಡು ಗಂಟೆ ಬೇಕು, ಅಂದರೆ ನಲವತ್ತು ನಿಮಿಷದ ಮೂರು ಪೀರಿಯಡ್. ಬದಲಿಗೆ ಹೋದಷ್ಟೂ ಆ ಪುಸ್ತಕದ ಕಟ್ಟು ಮನೆಗೆ ಹೋಗುತ್ತದೆ.

ಹಂಚಿಕೆ ಸರಿಯಾಗಿರಲು ಒಂದು ಹಾಳೆ ಸಾಕು. ಎಡಕ್ಕೆ ಎಲ್ಲ ಶಿಕ್ಷಕರ ಹೆಸರು, ಮೇಲೆ ತಿಂಗಳ ದಿನಾಂಕಗಳು, ಕೊನೆಯಲ್ಲಿ ಅವರು ಹೋದ ಬದಲಿ ಪೀರಿಯಡ್‌ಗಳ ಒಟ್ಟು ಎಣಿಕೆ. ಆ ಹೊತ್ತಿಗೆ ಬಿಡುವಿರುವವರಲ್ಲಿ ಎಣಿಕೆ ಯಾರದು ಕಡಿಮೆಯೋ ಅವರಿಗೆ ಮೊದಲು. ಒಂದು ದಿನಕ್ಕೆ ಒಬ್ಬರಿಗೆ ಒಂದೇ ಬದಲಿ. ಅನಿವಾರ್ಯವಾಗಿ ಎರಡನೆಯದು ಕೊಟ್ಟರೆ ಅದನ್ನು ಕೆಂಪು ಶಾಯಿಯಲ್ಲಿ ಬರೆದು, ಅದೇ ವಾರದಲ್ಲಿ ಒಂದು ದಿನ ಅವರನ್ನು ಬದಲಿಯಿಂದ ಬಿಡಬೇಕು. ಯಾರಿಗೇ ಆಗಲಿ ದಿನದಲ್ಲಿ ಒಂದು ಪೀರಿಯಡ್ ಆದರೂ ಖಾಲಿ ಉಳಿಯಲೇಬೇಕು. ಮುಖ್ಯೋಪಾಧ್ಯಾಯರ ಹೆಸರೂ ಆ ಪಟ್ಟಿಯಲ್ಲಿರಬೇಕು, ಮತ್ತು ಅವರು ಆರಿಸಿಕೊಳ್ಳಬೇಕಾದದ್ದು ಯಾರಿಗೂ ಬೇಡವಾದ ಊಟದ ನಂತರದ ಪೀರಿಯಡ್. ಹಾಳೆ ಕಪಾಟಿನಲ್ಲಿದ್ದರೆ ಪ್ರಯೋಜನವಿಲ್ಲ, ಸ್ಟಾಫ್ ರೂಮಿನ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿರಬೇಕು. ಲೆಕ್ಕ ಕಣ್ಣೆದುರಿಗಿದ್ದರೆ ಅನುಮಾನ ಬೆಳೆಯುವುದಿಲ್ಲ. ಜೊತೆಗೆ ಪ್ರತಿ ತರಗತಿಗೂ ಒಂದು ಫೈಲು, ಅದರಲ್ಲಿ ಪ್ರತಿ ವಿಷಯಕ್ಕೂ ಮೂರು ಪೀರಿಯಡ್‌ಗಾಗುವಷ್ಟು ಅಭ್ಯಾಸದ ಹಾಳೆ ಮೊದಲೇ ಇದ್ದರೆ, ಬದಲಿ ಹೋದವರು ಸುಮ್ಮನೆ ಮಕ್ಕಳನ್ನು ಗದ್ದಲ ಮಾಡದಂತೆ ಕಾಯುತ್ತಾ ನಿಲ್ಲಬೇಕಾಗಿಲ್ಲ. ಫೈಲು ಖಾಲಿಯಾದಾಗ ತುಂಬುವವರು ಯಾರೆಂದು ಹೆಸರಿಟ್ಟು ಹೇಳದಿದ್ದರೆ ಎರಡನೇ ತಿಂಗಳಿಗೇ ಅದು ಬರಿದಾಗುತ್ತದೆ.

ಹನ್ನೊಂದು ಗಂಟೆಗೆ ಒಬ್ಬ ಪೋಷಕರು ಬರುತ್ತಾರೆ, ಸಿಟ್ಟಿನಲ್ಲಿ. "ನನ್ನ ಮಗನಿಗೆ ಎಲ್ಲರ ಮುಂದೆ ಬೈದಿದ್ದಾರೆ." ಬಹಳ ಕಡೆ ಆಗುವ ದೊಡ್ಡ ತಪ್ಪು ಆಗಲೇ ಆಗುತ್ತದೆ: ಜವಾನನನ್ನು ಕಳಿಸಿ, ಪಾಠದ ಮಧ್ಯದಿಂದ ಶಿಕ್ಷಕಿಯನ್ನು ಎಬ್ಬಿಸಿ ಕರೆಸಿ, ಪೋಷಕರ ಎದುರೇ "ಏನ್ ಮೇಡಂ ಇದು?" ಎಂದು ಕೇಳುವುದು. ಪೋಷಕರು ಸಮಾಧಾನವಾಗಿ ಹೋಗುತ್ತಾರೆ. ಆದರೆ ಮಧ್ಯಾಹ್ನದೊಳಗೆ ಇಡೀ ಸ್ಟಾಫ್ ರೂಮಿಗೆ ಸುದ್ದಿ ಮುಟ್ಟಿರುತ್ತದೆ. ತನಗೂ ನಾಳೆ ಇದೇ ಗತಿ ಎಂದುಕೊಂಡ ಶಿಕ್ಷಕರು ಕಷ್ಟದ ಮಕ್ಕಳ ಗೋಜಿಗೇ ಹೋಗುವುದನ್ನು ಬಿಡುತ್ತಾರೆ.

ಮೊದಲು ಪೋಷಕರನ್ನು ಕೂರಿಸಿ, ಅವರು ಹೇಳಿದ್ದನ್ನು ಅವರೆದುರೇ ಬರೆದುಕೊಳ್ಳಬೇಕು: ಯಾವ ದಿನ, ಯಾವ ಪೀರಿಯಡ್, ಮಗು ಹೇಳಿದ್ದೇನು. ಓದಿ ಹೇಳಿ, "ಎರಡು ದಿನದಲ್ಲಿ ನಾನೇ ಫೋನ್ ಮಾಡ್ತೀನಿ" ಎನ್ನಬೇಕು. ಆ ಕ್ಷಣದಲ್ಲಿ ಶಿಕ್ಷಕಿಯ ಪರವಾಗಿಯೂ ಮಾತು ಬೇಡ, ವಿರುದ್ಧವಾಗಿಯೂ ಬೇಡ. ಅದೇ ದಿನ, ಶಿಕ್ಷಕಿಯ ಪಾಠಗಳು ಮುಗಿದ ಮೇಲೆ, ಬಾಗಿಲು ಹಾಕಿ, "ಹೀಗೊಂದು ದೂರು ಬಂದಿದೆ. ಅವತ್ತು ಏನಾಯ್ತು ಹೇಳಿ ಮೇಡಂ" ಎಂದು ಕೇಳಿ ಸುಮ್ಮನಾಗಬೇಕು. ಈ ಸುಮ್ಮನಾಗುವುದು ಎಷ್ಟೋ ಮುಖ್ಯಸ್ಥರಿಗೆ ಬರುವುದಿಲ್ಲ. ಎರಡನೇ ವಾಕ್ಯಕ್ಕೇ ಬುದ್ಧಿಮಾತು ಶುರುವಾಗುತ್ತದೆ.

ಶಿಕ್ಷಕರ ಬೆನ್ನಿಗೆ ನಿಲ್ಲುವುದೆಂದರೆ ತಪ್ಪು ಮುಚ್ಚಿಹಾಕುವುದಲ್ಲ. ಮಗುವಿಗೆ ಅವಮಾನವಾಗಿದ್ದು ನಿಜವಾದರೆ ಅದನ್ನು ನೇರವಾಗಿ ಹೇಳಬೇಕು, ಶಿಕ್ಷಕಿಯೇ ಮಗುವಿನ ಜೊತೆ ಮಾತಾಡಿ ಸರಿಪಡಿಸುವ ದಾರಿ ಮಾಡಿಕೊಡಬೇಕು. ಹೊಡೆತ ಅಥವಾ ದೌರ್ಜನ್ಯದ ದೂರಾದರೆ ಎರಡು ದಿನದ ಮಾತೇ ಇಲ್ಲ: ಮಗುವಿನ ಸುರಕ್ಷತೆಯ ನಿಯಮದಂತೆ ಆ ಗಂಟೆಯಲ್ಲೇ ಕ್ರಮ ಆಗಬೇಕು.

ಇಲ್ಲಿ ಒಂದು ವಿಷಯ ತಿಳಿದಿದ್ದರೆ ಒಳ್ಳೆಯದು. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ತಂಡಗಳನ್ನು ನೋಡಿದಾಗ, ಒಳ್ಳೆಯ ನಾಯಕತ್ವವಿದ್ದ ತಂಡಗಳಲ್ಲೇ ಔಷಧ ಕೊಡುವಾಗಿನ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅಲ್ಲಿನವರು ತಪ್ಪನ್ನು ಬಾಯಿಬಿಟ್ಟು ಹೇಳಲು ಹೆದರುತ್ತಿರಲಿಲ್ಲ ಎಂಬುದು ಅವರು ಕಂಡ ಕಾರಣ. ಶಾಲೆಯಲ್ಲೂ ಅಷ್ಟೇ. ಮುಖ್ಯೋಪಾಧ್ಯಾಯರು ಕಿವಿಗೊಡಲು ಶುರುಮಾಡಿದ ಮೊದಲ ತಿಂಗಳುಗಳಲ್ಲಿ ಸಮಸ್ಯೆಗಳು ಹೆಚ್ಚಾದಂತೆ ಕಾಣುತ್ತವೆ. "ಸರ್, ಭಿನ್ನರಾಶಿ ಪಾಠ ನನ್ನಿಂದ ಮಕ್ಕಳಿಗೆ ಹತ್ತಲಿಲ್ಲ" ಎಂದು ಯಾರಾದರೂ ಬಂದು ಹೇಳಿದರೆ ಗಾಬರಿಯಾಗಬೇಕಾಗಿಲ್ಲ, ಆ ಪಾಠವನ್ನು ಚೆನ್ನಾಗಿ ಮಾಡುವವರ ಜೊತೆ ಅವರನ್ನು ಒಂದು ಪೀರಿಯಡ್ ಕೂರಿಸಬೇಕು. ಇದಕ್ಕೆ ಫಲ ಇದೆ. ಅಮೆರಿಕದ ಒಂದು ಜಿಲ್ಲೆಯ ಶಾಲೆಗಳ ಬಗ್ಗೆ ಮ್ಯಾಥ್ಯೂ ಕ್ರಾಫ್ಟ್ ಮತ್ತು ಜಾನ್ ಪಾಪೆ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆಯ ವಾತಾವರಣವಿದ್ದ ಶಾಲೆಗಳ ಶಿಕ್ಷಕರು ಹತ್ತು ವರ್ಷದ ಅವಧಿಯಲ್ಲಿ, ವಾತಾವರಣ ಚೆನ್ನಾಗಿಲ್ಲದ ಶಾಲೆಗಳವರಿಗಿಂತ ಶೇ. 38ರಷ್ಟು ಹೆಚ್ಚು ಸುಧಾರಿಸಿದ್ದರು.

ಸಂಜೆ ಸಭೆ. ನಲವತ್ತೈದು ನಿಮಿಷ ದಾಟಬಾರದು. ದಿನಾಂಕ, ಸುತ್ತೋಲೆ, ಸೂಚನೆಗಳೆಲ್ಲ ಹಿಂದಿನ ದಿನವೇ ಬರಹದಲ್ಲಿ ಹೋಗಿರಲಿ. ಓದಿ ಹೇಳುವುದಕ್ಕೆ ಇಪ್ಪತ್ತು ಜನರನ್ನು ಕೂರಿಸಬಾರದು. ಚರ್ಚೆಗೆ ಎರಡೇ ವಿಷಯ. ಕಿರಿಯರು ಮೊದಲು ಮಾತಾಡಲಿ, ಮುಖ್ಯೋಪಾಧ್ಯಾಯರು ಕೊನೆಗೆ. ಅವರು ಮೊದಲೇ ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರಿಗೆ ತಲೆಯಾಡಿಸುವುದಷ್ಟೇ ಕೆಲಸ. ಆಗಲೇ ತೀರ್ಮಾನವಾದ ವಿಷಯವಾದರೆ ಹಾಗೆಂದೇ ಹೇಳಬೇಕು. ತೀರ್ಮಾನ ಜೇಬಿನಲ್ಲಿಟ್ಟುಕೊಂಡು "ನಿಮ್ಮ ಅಭಿಪ್ರಾಯವೇನು?" ಎಂದು ಕೇಳುವಷ್ಟು ನಂಬಿಕೆ ಕೆಡಿಸುವ ಕೆಲಸ ಮತ್ತೊಂದಿಲ್ಲ. ಯಾರು, ಏನು, ಯಾವ ದಿನದೊಳಗೆ ಎಂದು ಬರೆದ ಪಟ್ಟಿಯಿಂದಲೇ ಮುಂದಿನ ಸಭೆ ಶುರುವಾಗಬೇಕು.

ಕೆಲಸದ ಹೊರೆಯ ಬಗ್ಗೆ ಸಭೆಗಳಲ್ಲಿ ಸಹಾನುಭೂತಿಯ ಮಾತು ಬೇಕಾದಷ್ಟು ಬರುತ್ತದೆ, ಹೊರೆ ಇಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ವರ್ಗೀಕರಣದಲ್ಲಿ, ಕೆಲಸದಿಂದ ಪೂರ್ತಿ ಬಸವಳಿಯುವ ಸ್ಥಿತಿಯನ್ನು ಕಾಯಿಲೆ ಎನ್ನದೆ, ಕೆಲಸದ ಜಾಗದಲ್ಲಿ ಸರಿಯಾಗಿ ನಿಭಾಯಿಸದ ದೀರ್ಘಕಾಲದ ಒತ್ತಡದ ಪರಿಣಾಮವೆಂದು ವಿವರಿಸಿದೆ. ಹಾಗಿರುವಾಗ ರಜಾದಿನದಲ್ಲಿ ಒತ್ತಡ ನಿವಾರಣಾ ಶಿಬಿರ ಇಟ್ಟು, ಅದಕ್ಕೂ ಹಾಜರಿ ಕಡ್ಡಾಯ ಮಾಡಿದರೆ ಏನು ಬಂತು? ಅದರ ಬದಲು ಶಿಕ್ಷಕರು ತುಂಬುವ ಎಲ್ಲ ರಿಜಿಸ್ಟರ್, ನಮೂನೆ, ವರದಿಗಳನ್ನು ವರ್ಷಕ್ಕೊಮ್ಮೆ ಮೇಜಿನ ಮೇಲೆ ಹರಡಿ, ಒಂದೊಂದಕ್ಕೂ ಎರಡು ಪ್ರಶ್ನೆ ಕೇಳಬೇಕು: ಇದನ್ನು ಓದುವವರು ಯಾರು? ಓದಿ ಏನು ಮಾಡುತ್ತಾರೆ? ಉತ್ತರವಿಲ್ಲದ್ದನ್ನು, ಮೇಲಿನವರು ಕಡ್ಡಾಯ ಮಾಡಿಲ್ಲದಿದ್ದರೆ, ನಿಲ್ಲಿಸಬೇಕು. ಒಂದೇ ಹಾಜರಿಯನ್ನು ಪುಸ್ತಕದಲ್ಲಿ, ಹಾಳೆಯಲ್ಲಿ, ಆ್ಯಪ್‌ನಲ್ಲಿ ಹೀಗೆ ಮೂರು ಕಡೆ ಬರೆಸುತ್ತಿರುವುದು ಆಗಲೇ ಕಣ್ಣಿಗೆ ಬೀಳುವುದು. ಹೊಸ ದಾಖಲೆಯೊಂದು ಸೇರುವುದಾದರೆ ಹಳೆಯದೊಂದು ಹೋಗಬೇಕು.

ಇನ್ನು ರಾತ್ರಿಯ ವಾಟ್ಸಾಪ್. ಸಂಜೆ ಆರರ ನಂತರ ಮತ್ತು ರಜಾದಿನಗಳಲ್ಲಿ ಸೂಚನೆ ಹಾಕುವುದಿಲ್ಲ ಎಂದು ನಿಯಮ ಮಾಡಿ, ಸೂಚನೆಗೆಂದೇ ಬೇರೆ ಗ್ರೂಪ್ ಇಟ್ಟು, ಅದರಲ್ಲಿ ಕಚೇರಿಯವರಷ್ಟೇ ಬರೆಯುವಂತೆ ಸೆಟಿಂಗ್ ಮಾಡಬಹುದು. ತುರ್ತು ಇದ್ದರೆ ಫೋನ್ ಕರೆ. ಮಳೆಗೆ ಶಾಲೆ ರಜೆ ಅಥವಾ ಮಗುವಿಗೆ ಅಪಘಾತದಂಥದ್ದು ಮಾತ್ರ ತುರ್ತು ಎಂದು ಮೊದಲೇ ಬರೆದಿಡಬೇಕು. ಈ ನಿಯಮ ಸಾಮಾನ್ಯವಾಗಿ ಪರೀಕ್ಷೆಯ ಸಮಯದಲ್ಲಿ ಮುರಿಯುತ್ತದೆ, ಅದೂ ಮುಖ್ಯೋಪಾಧ್ಯಾಯರ ಕೈಯಿಂದಲೇ: "ಇದೊಂದು ಸಲ" ಎಂದು ಒಂಬತ್ತೂವರೆಗೆ ಅಂಕಪಟ್ಟಿ ಕೇಳುತ್ತಾರೆ. ಒಬ್ಬರು ಹತ್ತು ನಿಮಿಷದಲ್ಲಿ ಕಳಿಸಿದರೆ ಉಳಿದವರೆಲ್ಲ ಎದ್ದು ಲ್ಯಾಪ್‌ಟಾಪ್ ತೆಗೆಯಬೇಕಾಗುತ್ತದೆ. ನೆನಪಾದದ್ದನ್ನು ಆ ರಾತ್ರಿ ತಮ್ಮ ಡೈರಿಯಲ್ಲಿ ಬರೆದುಕೊಂಡು, ಬೆಳಗ್ಗೆ ಶಾಲೆ ಶುರುವಾದ ಮೇಲೆ ಕಳಿಸಿದರೆ ಆಯಿತು. ಶಿಕ್ಷಕರೇ ರಾತ್ರಿ ಹತ್ತಕ್ಕೆ ಏನಾದರೂ ಕಳಿಸಿದರೂ, ತುರ್ತಲ್ಲದಿದ್ದರೆ, ಉತ್ತರ ಬೆಳಗ್ಗೆಯೇ ಹೋಗಲಿ.