ಟೇಪು ಒಳಗಿಡಿ ಅಂದರು ಮೇಷ್ಟ್ರು

ಮರಗೆಲಸ ಕಲಿಯಲು ಹೊರಟಾಗ ನನ್ನ ಚೀಲದಲ್ಲಿ ಎರಡು ಟೇಪು, ಒಂದು ಸ್ಟೀಲ್ ಸ್ಕೇಲು, ದಪ್ಪ, ಅಗಲ ಅಳೆಯುವ ಒಂದು ಡಿಜಿಟಲ್ ಕ್ಯಾಲಿಪರ್, ಅದಕ್ಕೆ ಹಾಕಲು ಒಂದಷ್ಟು ಸೆಲ್ಲು ಇದ್ದವು. ಉಳಿ ಮಾತ್ರ ಇರಲಿಲ್ಲ. 12 ವಾರದ ಕೋರ್ಸು. ಅಲ್ಲೇ ಊಟ, ಅಲ್ಲೇ ನಿದ್ದೆ, ಮಲಗುವ ಕೋಣೆಯಿಂದ ಕೆಲಸದ ಶೆಡ್ಡಿಗೆ ನೂರು ಹೆಜ್ಜೆ. 15 ವರ್ಷ ಕಂಪ್ಯೂಟರ್ ಮುಂದೆ ಕೂತವನಿಗೆ ಒಂದು ರೋಗ ಅಂಟಿಕೊಂಡಿರುತ್ತದೆ. ಲೆಕ್ಕ ಸರಿ ಬಂದರೆ ಕೆಲಸ ಸರಿ ಬಂದ ಹಾಗೇ ಅನ್ನುವ ನಂಬಿಕೆ. ಅದನ್ನೂ ಜೊತೆಗೇ ಕಟ್ಟಿಕೊಂಡು ಹೋಗಿದ್ದೆ.

ಮೇಷ್ಟ್ರು ಮೊದಲ ದಿನವೇ ಆ ಕ್ಯಾಲಿಪರ್ ಕೈಗೆ ತೆಗೆದುಕೊಂಡು, ಅದರ ಬಾಯಿ ತೆರೆದು ಮುಚ್ಚಿ, ಸೊನ್ನೆ ಬರುವುದನ್ನು ನೋಡಿ ವಾಪಸ್ ಕೊಟ್ಟರು. "ಚೆನ್ನಾಗಿದೆ. ಒಳಗಿಡಿ. ಟೇಪೂ ಒಳಗಿಡಿ." ಯಾಕೆ ಸರ್ ಅಂತ ಕೇಳಿದೆ. "ಮೊದಲು ಉಳಿ ಮಸೆಯೋದು ಕಲೀರಿ, ಆಮೇಲೆ ಹೇಳ್ತೀನಿ" ಅಂದರು. ಆಮೇಲೂ ಹೇಳಲಿಲ್ಲ, ಅದು ಬೇರೆ ಮಾತು.

ಮೊದಲ ವಾರ ಪೂರ್ತಿ ಮಸೆದೆವು. ಒಂದು ತುಂಡು ಮರ ಕುಯ್ಯಲಿಲ್ಲ. ಹೊಸ ಉಳಿ ಹರಿತವಾಗಿದ್ದ ಹಾಗೆ ಕಾಣುತ್ತದೆ ಅಷ್ಟೇ, ಹರಿತ ಇರುವುದಿಲ್ಲ. ಎರಡು ಮುಖ ಸೇರುವ ಜಾಗವೇ ಅಲಗು ಅಲ್ವಾ, ಹಾಗಾಗಿ ಇಳಿಜಾರು ಮುಖವನ್ನು ಎಷ್ಟೇ ಮಿಂಚಿಸಿದರೂ ಉಳಿಯ ಬೆನ್ನು ಸಮತಟ್ಟಾಗಿಲ್ಲದಿದ್ದರೆ ಪ್ರಯೋಜನವಿಲ್ಲ. ನಾವೆಲ್ಲ ಮೊದಲು ಬೆನ್ನು ಉಜ್ಜಿದೆವು. 1000ದ ಕಲ್ಲು, ಆಮೇಲೆ 4000, ಆಮೇಲೆ 8000, ಸಂಖ್ಯೆ ಏರಿದಷ್ಟೂ ಕಲ್ಲು ನುಣುಪು. ಇಳಿಜಾರು 25 ಡಿಗ್ರಿ, ತುದಿಯಲ್ಲಿ ಮಾತ್ರ ಸ್ವಲ್ಪ ಎತ್ತಿ ಹಿಡಿದು 30. ಮಸೆಯುತ್ತಾ ಹೋದರೆ ಅಲಗಿನ ಹಿಂದೆ ಒಂದು ಸಣ್ಣ ತರಿ ಏಳುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ. ಅದು ಈ ತುದಿಯಿಂದ ಆ ತುದಿವರೆಗೆ ಸಿಕ್ಕಿದ ಮೇಲೆಯೇ ಮುಂದಿನ ಕಲ್ಲು.

ನನಗೆ ಎರಡು ದಿನ ಆದರೂ ಸಿಗಲಿಲ್ಲ. ಉಳಿಯ ಎರಡು ಮೂಲೆ ಸವೆದು ತುದಿ ಉಗುರಿನ ಹಾಗೆ ದುಂಡಗಾಗಿತ್ತು. ಕೈಯಲ್ಲಿ ದೋಷ ಅಂದುಕೊಂಡೆ. ನೋಡಿದರೆ ದೋಷ ಕಲ್ಲಿನದು. ನೀರು ಹಾಕಿ ಉಜ್ಜುವ ಆ ಕಲ್ಲು ಮೆತ್ತಗಿರುತ್ತದೆ, ನಡುವೆ ಬೇಗ ಸವೆದು ತಟ್ಟೆಯ ಹಾಗೆ ತಗ್ಗಾಗುತ್ತದೆ, ತಗ್ಗಿನ ಕಲ್ಲಿನಲ್ಲಿ ಮಸೆದ ಉಳಿಗೂ ಅದೇ ಆಕಾರ ಬರುತ್ತದೆ. ಮಸೆಯುವ ಮೊದಲು ಕಲ್ಲನ್ನೇ ಮಟ್ಟ ಮಾಡಬೇಕು. ಇದನ್ನು ಮೊದಲೇ ಹೇಳಬಹುದಿತ್ತಲ್ಲ ಅಂತ ಸಿಟ್ಟು ಬಂತು. ಈಗ ಅನ್ನಿಸುತ್ತದೆ, ಹೇಳಿದ್ದರು, ನನ್ನ ಕಿವಿಗೆ ಬಿದ್ದಿರಲಿಲ್ಲ.

ಹರಿತ ನೋಡಲು ತೋಳಿನ ಕೂದಲು ಬೋಳಿಸುವುದು ಎಲ್ಲರ ಆಟ. ಆ ವಾರ ಊಟದ ಮೇಜಿನ ಸುತ್ತ ಕೂತ 11 ಜನರ ಎಡ ಮುಂಗೈಯೂ ಬೋಳು. ಆದರೆ ನಿಜವಾದ ಪರೀಕ್ಷೆ ಮೆತ್ತನೆಯ ಪೈನ್ ತುಂಡಿನ ತಲೆಭಾಗ, ಅಂದರೆ ಎಳೆಗಳ ತುದಿ ಕಾಣುವ ಕಡೆ. ಮೊಂಡು ಉಳಿ ಅಲ್ಲಿ ಎಳೆಗಳನ್ನು ಕಿತ್ತು ಪುಡಿ ಮಾಡುತ್ತದೆ. ಹರಿತ ಇದ್ದರೆ ಮೇಣ ಸವರಿದ ಹಾಗೆ ನುಣ್ಣಗೆ ಬರುತ್ತದೆ. ಗಟ್ಟಿ ಮರ ಕುಯ್ಯುವುದು ಕಷ್ಟ, ಮೆತ್ತನೆಯದು ಸುಲಭ ಅಂದುಕೊಂಡಿದ್ದೆ. ಅಲಗಿಗೆ ಉಲ್ಟಾ.

ಎರಡನೇ ವಾರ ಕೀಸುಳಿ. ಒರಟು ಹಲಗೆಯೊಂದನ್ನು ಕೈಯಲ್ಲೇ ಆರೂ ಕಡೆ ಸಮ ಮಾಡಬೇಕು. ಹಲಗೆ ತಿರುಚಿಕೊಂಡಿದೆಯಾ ಅಂತ ನೋಡಲು ಎರಡು ನೇರ ಕೋಲು ಸಾಕು. ಈ ತುದಿಗೊಂದು ಆ ತುದಿಗೊಂದು ಅಡ್ಡ ಇಟ್ಟು, ಬಗ್ಗಿ, ಒಂದರ ಮೇಲಂಚಿಗೆ ಇನ್ನೊಂದರ ಮೇಲಂಚನ್ನು ಸೇರಿಸಿ ನೋಡಿದರೆ ಕೂದಲೆಳೆಯಷ್ಟು ತಿರುಚಿದ್ದೂ ಗೊತ್ತಾಗುತ್ತದೆ. ಅಲ್ಲೂ ಸಂಖ್ಯೆ ಇಲ್ಲ. ಎಳೆ ಯಾವ ಕಡೆಗೆ ಏರುತ್ತಿದೆ ಅಂತ ಹಲಗೆಯ ಪಕ್ಕದ ಮುಖ ನೋಡಿ ತಿಳಿಯಬೇಕು. ಎದುರು ದಿಕ್ಕಿಗೆ ತಳ್ಳಿದರೆ ಕೀಸುಳಿ ಕಿರುಗುಟ್ಟಿ ಎಳೆ ಕಿತ್ತುಬರುತ್ತದೆ. ಮೇಷ್ಟ್ರು ಶೆಡ್ಡಿನ ಆ ಮೂಲೆಯಿಂದ, ತಿರುಗಿ ಕೂಡ ನೋಡದೆ, "ತಿರುಗಿಸಿ ಹಿಡೀರಿ" ಅನ್ನುತ್ತಿದ್ದರು. ಸದ್ದಲ್ಲೇ ಗೊತ್ತಾಗುತ್ತಿತ್ತು ಅವರಿಗೆ.

ಒಂದು ರಾತ್ರಿ ಕಳ್ಳನ ಹಾಗೆ ಕ್ಯಾಲಿಪರ್ ತಂದು ನನ್ನ ಕೀಸುಳಿಯಿಂದ ಬಂದ ಸುರುಳಿ ಅಳೆದೆ. 0.08 ಮಿ.ಮೀ. ಮೇಷ್ಟ್ರ ಬೆಂಚಿನ ಕೆಳಗೆ ಬಿದ್ದಿದ್ದನ್ನು ಅಳೆದೆ. 0.02. ಜಪಾನಿನಲ್ಲಿ ಕೆಜುರೋಕಾಯ್ ಅಂತ ಕೂಟ ನಡೆಯುತ್ತದೆ, ಬಡಗಿಗಳು ಸೇರಿ ಯಾರು ತೆಳ್ಳಗೆ ಕೀಸುತ್ತಾರೆ ಅಂತ ಪೈಪೋಟಿ ಮಾಡುತ್ತಾರೆ. ಅಲ್ಲಿ ಸುರುಳಿ 10 ಮೈಕ್ರಾನಿಗಿಂತ, ಅಂದರೆ 0.01 ಮಿ.ಮೀ.ಗಿಂತ ತೆಳ್ಳಗಿರುತ್ತದೆ. ನನ್ನ ಕ್ಯಾಲಿಪರಿನ ಕೊನೆಯ ಅಂಕಿಯೇ 10 ಮೈಕ್ರಾನು. ಅವರ ಸುರುಳಿ ಇಟ್ಟರೆ ಪಾಪ ಅದು ಸೊನ್ನೆ ಅನ್ನಬಹುದು.

ಟೇಪು ಒಳಗಿಡಿ ಅಂದಿದ್ದರ ಅರ್ಥ ಮೂಲೆಜೋಡಣೆ ಕಲಿಯುವಾಗ ಅರ್ಧ ಆಯಿತು. ಡವ್‌ಟೇಲ್ ಅಂತ ಕರೆಯುತ್ತಾರೆ, ಪಾರಿವಾಳದ ಬಾಲದ ಹಾಗೆ ತುದಿಗೆ ಅಗಲವಾಗುವ ಹಲ್ಲುಗಳು ಎದುರು ಹಲಗೆಯ ಸಂದಿನಲ್ಲಿ ಕಚ್ಚಿಕೊಳ್ಳುತ್ತವೆ, ಡ್ರಾಯರ್ ಎಳೆದಷ್ಟೂ ಬಿಗಿ. ನಾನು ನೋಟ್‌ಬುಕ್ಕಿನಲ್ಲಿ ಪ್ರತಿ ಹಲ್ಲಿನ ಅಗಲ ಲೆಕ್ಕ ಹಾಕಿಕೊಂಡು ಬಂದಿದ್ದೆ. ಮೆತ್ತನೆ ಮರಕ್ಕೆ ಇಳಿಜಾರು 1:6, ಗಟ್ಟಿ ಮರಕ್ಕೆ 1:8, ಎಲ್ಲ ಬರೆದಿದ್ದೆ. ಮೇಷ್ಟ್ರು ನೋಟ್‌ಬುಕ್ ಮುಚ್ಚಿದರು. ಒಂದು ಹಲಗೆಯಲ್ಲಿ ಹಲ್ಲುಗಳನ್ನು ಕಣ್ಣಂದಾಜಿನಲ್ಲೇ ಕುಯ್ದರು, ಒಂದರ ಹಾಗೆ ಒಂದಿರಲಿಲ್ಲ. ಅದನ್ನೇ ಎರಡನೇ ಹಲಗೆಯ ತಲೆಯ ಮೇಲಿಟ್ಟು ಅದರ ಅಂಚಿಗೆ ಚಾಕು ತಾಗಿಸಿ ಗೀರಿದರು. ಆ ಗೀರಿಗೆ ಕುಯ್ದು ಕೊಡತಿಯಿಂದ ನಾಲ್ಕು ಏಟು ಹಾಕಿದರೆ ಬೆಳಕೂ ತೂರದ ಹಾಗೆ ಕೂತುಬಿಟ್ಟಿತು.

ಪೆನ್ಸಿಲ್ ಗೆರೆಗೆ ದಪ್ಪ ಇರುತ್ತದೆ. ಗೆರೆಯ ಈ ಕಡೆಯೋ ಆ ಕಡೆಯೋ ಅನ್ನುವುದರಲ್ಲೇ ಅರ್ಧ ಮಿಲಿಮೀಟರ್ ಹೋಗುತ್ತದೆ. ಚಾಕುವಿನ ಗೀರಿಗೆ ದಪ್ಪ ಇಲ್ಲ, ಮೇಲಾಗಿ ಉಳಿಯ ತುದಿ ಹೋಗಿ ಅದರಲ್ಲೇ ಕೂರುತ್ತದೆ. ಸಂಖ್ಯೆ ಓದಿ, ನೆನಪಿಟ್ಟು, ಮತ್ತೆ ಬರೆಯುವಾಗ ಮೂರು ಕಡೆ ತಪ್ಪಬಹುದು. ವಸ್ತುವನ್ನೇ ವಸ್ತುವಿನ ಮೇಲಿಟ್ಟು ಗೀರಿದರೆ ತಪ್ಪಲು ಜಾಗವೇ ಕಡಿಮೆ. ಪುರಾತನ ಈಜಿಪ್ಟಿನ ಪೀಠೋಪಕರಣಗಳಲ್ಲೂ ಇದೇ ಜೋಡಣೆ ಇದೆ. ಅವರ ಹತ್ತಿರ ಸೆಲ್ಲು ಇರಲಿಲ್ಲ.

ಇನ್ನರ್ಧ ಅರ್ಥವಾಗಿದ್ದು ಅಲ್ಲೇ ಉಳಿದುಕೊಂಡಿದ್ದರಿಂದ. ಶನಿವಾರ ಹೋಗಿ ಭಾನುವಾರ ಬರುವ ಕ್ಲಾಸುಗಳನ್ನು ಮೊದಲು ಮಾಡಿದ್ದೆ, ಕೆಟ್ಟವೇನಲ್ಲ. ಆದರೆ ಮರ ರಾತ್ರಿ ಹೊತ್ತು ಏನು ಮಾಡುತ್ತದೆ ಅಂತ ಅಲ್ಲಿ ಗೊತ್ತಾಗುವುದಿಲ್ಲ. ಸಂಜೆ ದಪ್ಪ ಹಲಗೆಯನ್ನು ನಡುವೆ ಸೀಳಿ ಎರಡು ಮಾಡಿ ಬೆಂಚಿನ ಮೇಲಿಟ್ಟು ಮಲಗಿದೆ, ಆಗ ಎರಡೂ ನೇರ ಇದ್ದವು. ಬೆಳಗ್ಗೆ ಹೋಗಿ ನೋಡಿದರೆ ಎರಡೂ ಬಾಳೆಕಾಯಿ. ಒಳಗಿದ್ದ ಬಿಗಿ ಬಿಟ್ಟುಕೊಂಡಿದೆ, ಒಳಗಿನ ಹಸಿ ಮುಖಕ್ಕೆ ಗಾಳಿ ತಾಗಿದೆ. ಅದಕ್ಕೇ ಅಲ್ಲಿ ಯಾರೂ ಒಂದೇ ಸಲಕ್ಕೆ ಕೊನೆಯ ಅಳತೆಗೆ ಕುಯ್ಯುತ್ತಿರಲಿಲ್ಲ. ಸ್ವಲ್ಪ ದಪ್ಪಗೇ ಕುಯ್ದು, ನಡುನಡುವೆ ಸಣ್ಣ ಪಟ್ಟಿ ಇಟ್ಟು ಪೇರಿಸಿ, ಕೆಲವು ದಿನ ಬಿಟ್ಟು, ಬಾಗುವುದೆಲ್ಲ ಬಾಗಿದ ಮೇಲೆ ಕೀಸುತ್ತಿದ್ದರು.

ನಾನು ಸುಮ್ನೆ ಇರಬೇಕಲ್ಲ. ಒಂದು ಓಕ್ ಹಲಗೆಯ ಮೇಲೆ ಗುರುತು ಮಾಡಿ ಅದರ ಅಗಲವನ್ನು ದಿನಾ ಅಳೆಯಲು ಶುರು ಮಾಡಿದೆ. ಮೊದಲ ದಿನ 140.2 ಮಿ.ಮೀ. ಮಳೆ ಹಿಡಿಯಿತು. ಎರಡು ವಾರದಲ್ಲಿ 141.0. ಕ್ಯಾಲಿಪರ್ ಕೆಟ್ಟಿದೆ ಅಂತ ಸೆಲ್ಲು ಬದಲಾಯಿಸಿದೆ, ನಗಬೇಡಿ. ಮೇಷ್ಟ್ರ ಕೈಗೆ ಸಿಕ್ಕಿಬಿದ್ದಾಗ ಬೈಯುತ್ತಾರೆ ಅಂದುಕೊಂಡರೆ, "ಉದ್ದ ಅಳೆದ್ರಾ?" ಅಂತ ಕೇಳಿದರು. ಅಳೆದೆ. ಉದ್ದ ಹಾಗೇ ಇತ್ತು.

ಮರ ಗಾಳಿಯ ತೇವ ಕುಡಿದರೆ ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದರೆ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಆ ಅಡ್ಡದಲ್ಲೂ ಎರಡು ಬಗೆ. ಉಂಗುರಗಳ ಸುತ್ತಿನ ಗುಂಟ ಆಗುವ ಬದಲಾವಣೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದಕ್ಕಿಂತ ಸುಮಾರು ಎರಡು ಪಟ್ಟು. ಹಲಗೆ ದೋಣಿಯ ಹಾಗೆ ಬಾಗುವುದು ಈ ವ್ಯತ್ಯಾಸಕ್ಕೇ. ನೂರು ವರ್ಷ ಹಳೆಯ ಮರವೂ ಇದನ್ನು ಬಿಡುವುದಿಲ್ಲ. ಹಳೆಯ ಬಾಗಿಲುಗಳಲ್ಲಿ ಚೌಕಟ್ಟು ಮಾಡಿ ನಡುವೆ ಹಲಗೆ ಕೂರಿಸಿರುತ್ತಾರಲ್ಲ, ಅದು ಚಂದಕ್ಕೆ ಅಂತ ತಿಳಿದಿದ್ದೆ. ಆ ಹಲಗೆಗೆ ಅಂಟು ಹಾಕಿರುವುದಿಲ್ಲ, ಚೌಕಟ್ಟಿನಲ್ಲಿ ಕೊರೆದ ತೋಡಿನಲ್ಲಿ ಸಡಿಲ ಬಿಟ್ಟಿರುತ್ತಾರೆ, ತನ್ನ ಪಾಡಿಗೆ ಹಿಗ್ಗಿ ಕುಗ್ಗಲಿ ಅಂತ. ಗಟ್ಟಿಯಾಗಲಿ ಅಂತ ನಾಲ್ಕೂ ಕಡೆ ಅಂಟಿಸಿದರೆ ಅದು ಸೀಳುತ್ತದೆ.

ಈ ಪಾಠದ ಮೇಲೇ ಇಡೀ ಬದುಕು ಕಳೆದವರಿದ್ದಾರೆ. ಜೇಮ್ಸ್ ಕ್ರೆನೋವ್ ಅಂತ ಒಬ್ಬರು, 1920ರಲ್ಲಿ ಸೈಬೀರಿಯಾದಲ್ಲಿ ಹುಟ್ಟಿದವರು, ಸ್ವೀಡನ್ನಿನಲ್ಲಿ ಕಾರ್ಲ್ ಮಾಲ್ಮ್‌ಸ್ಟೆನ್ ಅವರ ಶಾಲೆಯಲ್ಲಿ ಕಲಿತು, 1981ರಲ್ಲಿ ಕ್ಯಾಲಿಫೋರ್ನಿಯಾದ ಫೋರ್ಟ್ ಬ್ರ್ಯಾಗ್‌ನಲ್ಲಿ ಮರಗೆಲಸದ ಶಾಲೆ ಶುರು ಮಾಡಿದರು. ಅದು ಈಗಲೂ ಇದೆ. ವಿವರವಾದ ನಕ್ಷೆ ಬರೆದುಕೊಂಡು ಕೆಲಸಕ್ಕೆ ಇಳಿಯುವವರಲ್ಲ ಅವರು. ಹಲಗೆ ಎದುರಿಗಿಟ್ಟು, ಅದರ ಎಳೆ ನೋಡಿ, ಅದಕ್ಕೆ ತಕ್ಕ ಕಪಾಟು ಯೋಚಿಸುತ್ತಿದ್ದರು. ಕೀಸುಳಿಯನ್ನೂ ಮರದಲ್ಲಿ ತಾವೇ ಮಾಡಿಕೊಳ್ಳುತ್ತಿದ್ದರು. ನನ್ನಂಥವನಿಗೆ ಅದು ಹೊಟ್ಟೆಯಲ್ಲಿ ಚಿಟ್ಟೆ ಬಿಟ್ಟ ಹಾಗಾಗುವ ಕೆಲಸ. ನಕ್ಷೆ ಇಲ್ಲದೆ ಹೇಗೆ ಸ್ವಾಮಿ?

ಅಲ್ಲೇ ಇರುವುದರ ಕೆಟ್ಟ ಮುಖವೂ ಇದೆ. ಯಂತ್ರಗಳನ್ನು ಸಂಜೆಗೇ ಬಂದ್ ಮಾಡುತ್ತಿದ್ದರು, ಆದರೆ ಕೈ ಉಪಕರಣಕ್ಕೆ ಹೊತ್ತುಗೊತ್ತಿಲ್ಲ. ಎಂಟನೇ ವಾರ, ಎಲ್ಲರೂ ತಮ್ಮ ತಮ್ಮ ಗೋಡೆ ಕಪಾಟು ಹಿಡಿದಿದ್ದೆವು. ಒಂದು ಬಾಗಿಲು, ಕೆಳಗೊಂದು ಡ್ರಾಯರ್. ಪಕ್ಕದ ಬೆಂಚಿನವಳು ನನಗಿಂತ ಎರಡು ದಿನ ಮುಂದಿದ್ದಳು. ರಾತ್ರಿ ನಿದ್ದೆ ಬರಲಿಲ್ಲ, ಹೋಗಿ ದೀಪ ಹಾಕಿ ಗರಗಸ ಹಿಡಿದೆ. ಚಾಕುವಿನ ಗೀರು ಚೆನ್ನಾಗಿತ್ತು, ಕುಯ್ದಿದ್ದೂ ನೇರ, ಇಷ್ಟು ಚೆನ್ನಾಗಿ ಯಾವತ್ತೂ ಕುಯ್ದಿರಲಿಲ್ಲ. ಉಳಿಯಿಂದ ತೆಗೆಯುವುದನ್ನೆಲ್ಲ ತೆಗೆದು, ತುಂಡು ಕೈಯಲ್ಲಿ ಹಿಡಿದು ನೋಡಿದರೆ, ಉಳಿಸಬೇಕಾದ ಹಲ್ಲುಗಳೆಲ್ಲ ನೆಲದ ಮೇಲೆ ಬಿದ್ದಿದ್ದವು. ತೆಗೆಯಬೇಕಾದ ಭಾಗಗಳು ಅಂದವಾಗಿ ನಿಂತಿದ್ದವು. ತೆಗೆಯುವ ಕಡೆ ಇಂಟು ಮಾರ್ಕ್ ಹಾಕಿ ಅಂತ ಮೊದಲ ದಿನವೇ ಹೇಳಿದ್ದರು. ನನಗೆ ಗೊತ್ತು ಅಂತ ಹಾಕಿರಲಿಲ್ಲ.

ಬೆಳಗ್ಗೆ ಮೇಷ್ಟ್ರು ಬಂದು ತುಂಡು ನೋಡಿದರು. "ಎಷ್ಟು ಗಂಟೆಗೆ?"

"ಹನ್ನೊಂದೂವರೆ."

"ಹತ್ತರ ಮೇಲೆ ಮಸೆಯೋದು ಮಾತ್ರ ಇಟ್ಕೊಳ್ಳಿ." ಅಷ್ಟೇ ಹೇಳಿ ಹೋದರು.

ಅದೇ ಹಲಗೆಯಿಂದ ಇನ್ನೊಂದು ಮುಖ ಮಾಡಲು ಮರ ಉಳಿದಿರಲಿಲ್ಲ, ಹಾಗಾಗಿ ನನ್ನ ಡ್ರಾಯರಿನ ಮುಖದ ಎಳೆ ಮೇಲಿನ ಬಾಗಿಲಿನ ಎಳೆಗೆ ಕೂಡುವುದಿಲ್ಲ. ಬೇರೆ ಯಾರೂ ಗಮನಿಸುವುದಿಲ್ಲ. ನನಗೆ ಬೇರೇನೂ ಕಾಣುವುದಿಲ್ಲ.

ಹೋಗುವವರಿಗೆ ಎರಡು ಮಾತು, ಯಾಕೆಂದರೆ ಇದನ್ನು ಹಗುರವಾಗಿ ತೆಗೆದುಕೊಂಡವರನ್ನು ನೋಡಿದ್ದೇನೆ. ಮರಳುಕಾಗದ ಉಜ್ಜುವಾಗ ಮಾಸ್ಕ್ ಹಾಕಿ. ಮರದ ಧೂಳು ಕ್ಯಾನ್ಸರ್ ತರುವ ವಸ್ತು ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲನೇ ಗುಂಪಿಗೇ ಸೇರಿಸಿದೆ. ಮತ್ತೆ, ಅಗಸೆ ಎಣ್ಣೆ ಸವರಿದ ಬಟ್ಟೆಯನ್ನು ಉಂಡೆ ಮಾಡಿ ಕಸದ ಬುಟ್ಟಿಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾಗಿದ್ದರೆ ಬಿಸಿ ಹೊರಗೆ ಹೋಗದೆ ತಾನಾಗೇ ಬೆಂಕಿ ಹತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಿನ ಡಬ್ಬದಲ್ಲಿ ಮುಳುಗಿಸಿ.

ಡ್ರಾಯರ್ ಕೂರಿಸಲು ಮೂರು ದಿನ ಹಿಡಿಯಿತು. ತಳ್ಳಿ ನೋಡು, ಎಲ್ಲಿ ಉಜ್ಜಿ ಮಿಂಚಿದೆ ನೋಡು, ಅಲ್ಲಿ ಒಂದೇ ಒಂದು ಸುರುಳಿ ತೆಗೆ, ಮತ್ತೆ ತಳ್ಳು. ಕೊನೆಗೆ ಒಂದು ಬೆರಳಿಗೆ ಜಾರಿಹೋಗುವ ಹಾಗಾಯಿತು, ಪೂರ್ತಿ ಒಳಗೆ ಹೋಗುವ ಮುಂಚೆ ಒಳಗಿನ ಗಾಳಿ ಮೆಲ್ಲಗೆ ತಡೆಯುತ್ತಿತ್ತು, ಮುಚ್ಚಿದ್ದ ಬಾಗಿಲು ಆ ಗಾಳಿಗೆ ಒಂದಿಷ್ಟೇ ತೆರೆದುಕೊಳ್ಳುತ್ತಿತ್ತು. ಮೇಷ್ಟ್ರು ಐದಾರು ಸಲ ತಳ್ಳಿ ಎಳೆದು ನೋಡಿದರು. "ಇದು ಒಣ ದಿನದ ಅಳತೆ" ಅಂದರು. ಹೊಗಳಿಕೆಯಾ ಅಂತ ಗೊತ್ತಾಗಲಿಲ್ಲ.

ಈಗ ಕಪಾಟು ನನ್ನ ಕೋಣೆಯ ಗೋಡೆಯಲ್ಲಿದೆ. ನಾಲ್ಕು ದಿನದಿಂದ ಬಿಡದೆ ಮಳೆ. ಡ್ರಾಯರ್ ಅರ್ಧ ತೆರೆದು ನಿಂತುಬಿಟ್ಟಿದೆ, ಒಳಗೂ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ. ಕ್ಯಾಲಿಪರ್ ಅದರೊಳಗೇ ಇದೆ, ಹಿಂದಿನ ಮೂಲೆಯಲ್ಲಿ, ಕೈಗೆ ಸಿಗುತ್ತಿಲ್ಲ. ಮೇಲಂಚಿನಿಂದ ಅರ್ಧ ಮಿಲಿಮೀಟರ್ ತೆಗೆದರೆ ಸರಿಹೋಗುತ್ತದೆ ಅಂತ ಗೊತ್ತು. ಕೀಸುಳಿಯೂ ಮಸೆದು ಮೇಜಿನ ಮೇಲಿದೆ. ಆದರೆ ಈಗ ತೆಗೆದರೆ ಬೇಸಿಗೆಯಲ್ಲಿ ಗಡಗಡ ಅನ್ನುತ್ತದೆ. ಮಳೆ ನಿಂತು ಒಂದು ತಿಂಗಳಾಗಲಿ, ಆಮೇಲೆ ನೋಡೋಣ.